ಓಟದ ನಾಯಿ ಮತ್ತು ಮಂದೆಯ ನಾಯಿ: ತಾಲೀಮು, ಗಾಯ ತಡೆ ಹಾಗೂ ಗ್ರಾಮ ಪಂಚಾಯತಿಯ ಹೊಣೆ

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಪೈಕಿ ಸೇರಿವೆ. ಶೇಂಗಾ ಬೆಳೆಯ ಜೊತೆಗೆ ಕುರಿ ಸಾಕಣೆಯೇ ಇಲ್ಲಿನ ಬದುಕಿನ ಆಧಾರ. ಚಳ್ಳಕೆರೆಯ ಕಂಬಳಿಗೆ ದೂರದ ಊರುಗಳಲ್ಲಿಯೂ ಹೆಸರಿರುವುದು ಈ ಕುರಿಮಂದೆಗಳಿಂದಲೇ. ಮಂದೆ ಇರುವಲ್ಲಿ ನಾಯಿ ಇರುತ್ತದೆ. ಹಟ್ಟಿಯ ರೊಪ್ಪವನ್ನು ರಾತ್ರಿ ಕಾಯುವುದೂ, ತೋಳ ಮತ್ತು ಚಿರತೆಯ ಸುಳಿವನ್ನು ಕುರಿಗಾಹಿಗೆ ಮೊದಲು ತಿಳಿಸುವುದೂ ಅದರ ಕೆಲಸ. ಇದರೊಂದಿಗೆ ಇತ್ತೀಚಿನ ವರ್ಷಗಳಲ್ಲಿ ಮುಧೋಳ ತಳಿಯ ಓಟದ ನಾಯಿಗಳನ್ನು ಸಾಕುವ ಆಸಕ್ತಿಯು ರಾಜ್ಯದ ಎಲ್ಲೆಡೆ ಯುವಕರಲ್ಲಿ ಬೆಳೆದಿದೆ. ಉತ್ತರ ಕರ್ನಾಟಕದ ಹಲವೆಡೆ ಜಾತ್ರೆಯ ಸಂದರ್ಭಗಳಲ್ಲಿ ನಾಯಿ ಓಟದ ಪಂದ್ಯಗಳು ನಡೆಯುತ್ತವೆ.

ಇಂತಹ ಪಂದ್ಯಕ್ಕೆ ಅನುಮತಿ ಕೋರಿ ಬರುವ ಅರ್ಜಿಯು ಮೊದಲು ತಲುಪುವುದು ಗ್ರಾಮ ಪಂಚಾಯತಿಯನ್ನೇ. ಬಿಸಿಲಿನಲ್ಲಿ ಓಡಿದ ನಾಯಿಯೊಂದು ಜನರ ಎದುರಿನಲ್ಲಿಯೇ ಕುಸಿದು ಸತ್ತರೆ ಅಥವಾ ಗುಂಪಿನೊಳಗೆ ನುಗ್ಗಿ ಮಗುವನ್ನು ಕಚ್ಚಿದರೆ ಪ್ರಶ್ನೆ ಬರುವುದೂ ಪಂಚಾಯತಿಗೇ. ಆದುದರಿಂದ ಓಡುವ ಮತ್ತು ದುಡಿಯುವ ನಾಯಿಯ ದೇಹ ಹೇಗೆ ಕೆಲಸ ಮಾಡುತ್ತದೆ, ಅದು ಎಲ್ಲಿ ಮುರಿಯುತ್ತದೆ, ಅದನ್ನು ತಡೆಯುವ ಕ್ರಮವೇನು ಮತ್ತು ಕಾನೂನು ಏನು ಹೇಳುತ್ತದೆ ಎಂಬುದನ್ನು ಸದಸ್ಯರು ಅರಿತಿರುವುದು ಅಗತ್ಯ.

ಓಟದ ತಳಿಯ ದೇಹರಚನೆ

ಮುಧೋಳ ನಾಯಿಯು ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಓಡಿ ಹಿಡಿಯುವ ತಳಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಧೋಳ ಸಂಸ್ಥಾನದ ಅರಸು ಮಾಲೋಜಿರಾವ್ ಘೋರ್ಪಡೆಯವರು ಇದರ ಪೋಷಣೆಗೆ ಹೆಸರಾದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಮುಧೋಳ ಮರಿಗಳು ತರಬೇತಿಗಾಗಿ ಮೀರತ್‌ನಲ್ಲಿರುವ ಸೇನೆಯ ಕೇಂದ್ರವನ್ನು ಸೇರಿದವು. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ.

ಆಳವಾದ ಎದೆ, ಒಳಸರಿದ ಹೊಟ್ಟೆ, ಉದ್ದ ಕಾಲು, ತೆಳುವಾದ ಚರ್ಮ, ಅತಿ ಕಡಿಮೆ ಕೊಬ್ಬು ಇದರ ಲಕ್ಷಣಗಳು. ಪೂರ್ಣ ವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲಿ ಎರಡು ಬಾರಿ ಅದರ ನಾಲ್ಕೂ ಕಾಲುಗಳು ನೆಲ ಬಿಟ್ಟಿರುತ್ತವೆ. ಮರಳಿ ನೆಲ ಮುಟ್ಟುವಾಗ ಇಡೀ ದೇಹದ ಭಾರಕ್ಕಿಂತಲೂ ಹೆಚ್ಚಿನ ಒತ್ತಡವು ಒಂದೇ ಕಾಲಿನ ಸಣ್ಣ ಎಲುಬುಗಳ ಮೇಲೆ ಬೀಳುತ್ತದೆ. ವೇಗಕ್ಕೆ ಅನುಕೂಲವಾದ ಈ ರಚನೆಯೇ ಗಾಯಕ್ಕೂ ದಾರಿ ಮಾಡುತ್ತದೆ. ಚರ್ಮ ತೆಳುವಾದ್ದರಿಂದ ಬೇಲಿಯ ತಂತಿ ತಾಗಿದರೆ ಅಂಗೈಯಗಲ ಹರಿಯುತ್ತದೆ. ಕೊಬ್ಬು ಕಡಿಮೆ ಇರುವುದರಿಂದ ಕೆಲವು ಅರಿವಳಿಕೆ ಔಷಧಗಳು ಈ ಮಾದರಿಯ ನಾಯಿಗಳಲ್ಲಿ ಹೆಚ್ಚು ಹೊತ್ತು ಉಳಿದು ಅಪಾಯ ತರುತ್ತವೆ. ಹೀಗಾಗಿ ಗಾಯಕ್ಕೆ ಹೊಲಿಗೆ ಹಾಕುವ ಕೆಲಸವು ಪಶುವೈದ್ಯರಿಂದಲೇ ಆಗಬೇಕು.

ಬಿಸಿಲಿನ ಅಪಾಯ

ಓಟದ ನಾಯಿಯ ಪ್ರಾಣಕ್ಕೆ ಮೊದಲು ಎರವಾಗುವುದು ಶಾಖ. ಮನುಷ್ಯನಂತೆ ನಾಯಿಯ ಮೈ ಬೆವರುವುದಿಲ್ಲ. ಅದರ ಬೆವರು ಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿದ್ದು, ದೇಹದ ಶಾಖ ಇಳಿಯುವುದು ಬಹುಪಾಲು ತೇಕುವುದರಿಂದ ಮಾತ್ರ. ನಾಯಿಯ ಸಹಜ ದೇಹೋಷ್ಣತೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ಡಿಗ್ರಿಯನ್ನು ದಾಟಿ ಹಾಗೆಯೇ ನಿಂತರೆ ಮಿದುಳು, ಮೂತ್ರಪಿಂಡ, ಕರುಳು ಮತ್ತು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಗೆ ಹಾನಿಯಾಗುತ್ತದೆ. ಒಂದೇ ಒಂದು ಪೂರ್ಣವೇಗದ ಓಟವೂ ದೇಹೋಷ್ಣತೆಯನ್ನು ಈ ಮಟ್ಟಕ್ಕೆ ಒಯ್ಯಬಲ್ಲದು. ನೆರಳು, ಗಾಳಿ ಮತ್ತು ವಿಶ್ರಾಂತಿ ಸಿಕ್ಕರೆ ಅದು ಬೇಗ ಇಳಿಯುತ್ತದೆ. ಸಿಗದಿದ್ದರೆ ಏರುತ್ತಲೇ ಹೋಗುತ್ತದೆ.

ನಾಯಕನಹಟ್ಟಿಯ ಶ್ರೀ ಗುರು ತಿಪ್ಪೇರುದ್ರಸ್ವಾಮಿಯ ರಥೋತ್ಸವವು ಫಾಲ್ಗುಣ ಮಾಸದಲ್ಲಿ ಬರುತ್ತದೆ. ಅನೇಕ ಗ್ರಾಮದೇವತೆಗಳ ಜಾತ್ರೆಗಳೂ ಬೇಸಿಗೆಯಲ್ಲಿಯೇ. ಜನ ಸೇರುವ ಕಾಲವೂ ಬಿಸಿಲು ಏರುವ ಕಾಲವೂ ಒಂದೇ ಆಗಿರುವುದು ಈ ಭಾಗದ ವಿಶೇಷ ತೊಂದರೆ. ಊಟದ ನಂತರ ಜನ ಸೇರುತ್ತಾರೆಂಬ ಕಾರಣಕ್ಕೆ ಮಧ್ಯಾಹ್ನ ನಾಯಿಗಳನ್ನು ಓಡಿಸುವುದು ಅವುಗಳನ್ನು ಸಾವಿಗೆ ಒಡ್ಡಿದಂತೆ.

ಶಾಖಾಘಾತದ ಲಕ್ಷಣಗಳು ಹೀಗಿವೆ: ನಿಲ್ಲದ ತೇಕು, ಅಗಲವಾಗಿ ಹೊರಚಾಚಿದ ಕಡುಕೆಂಪು ನಾಲಗೆ, ಅಂಟು ಜೊಲ್ಲು, ತೂರಾಡುವ ನಡಿಗೆ, ಕರೆದರೆ ಪ್ರತಿಕ್ರಿಯೆ ಇಲ್ಲದಿರುವುದು, ವಾಂತಿ ಅಥವಾ ರಕ್ತಭೇದಿ, ಕೊನೆಗೆ ಕುಸಿತ. ಮೊದಲ ಲಕ್ಷಣ ಕಂಡ ಕೂಡಲೇ ಕೈಗೊಳ್ಳಬೇಕಾದ ಕ್ರಮಗಳು:

1. ನಾಯಿಯನ್ನು ನೆರಳಿಗೆ ತರುವುದು. ಕೊರಳಪಟ್ಟಿ ಮತ್ತು ಬಾಯಿಕಟ್ಟನ್ನು ತೆಗೆಯುವುದು.
2. ಮೈಮೇಲೆಲ್ಲ, ವಿಶೇಷವಾಗಿ ಹೊಟ್ಟೆ, ತೊಡೆಯ ಒಳಭಾಗ ಮತ್ತು ಕಂಕುಳಿಗೆ ಧಾರಾಳವಾಗಿ ತಣ್ಣೀರು ಸುರಿಯುತ್ತಲೇ ಇರುವುದು. ತೊಟ್ಟಿಯ ಅಥವಾ ಕೊಳವೆಬಾವಿಯ ನೀರು ಸಾಕು, ಮಂಜುಗಡ್ಡೆಗೆ ಕಾಯಬೇಕಿಲ್ಲ.
3. ನೀರು ಸುರಿಯುತ್ತಲೇ ಗಾಳಿ ಬೀಸುವುದು. ಒದ್ದೆ ಗೋಣಿ ಅಥವಾ ಕಂಬಳಿಯನ್ನು ಹೊದಿಸಿಡಬಾರದು. ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ.
4. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪ ನೀರು ಕುಡಿಯಲು ಬಿಡುವುದು. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.
5. ಮೊದಲು ತಂಪು ಮಾಡಿ, ಅನಂತರ ಪಶು ಆಸ್ಪತ್ರೆಗೆ ಸಾಗಿಸುವುದು. ನಾಯಿ ಎದ್ದು ನಿಂತರೂ ವೈದ್ಯರಿಗೆ ತೋರಿಸಲೇಬೇಕು. ಮೂತ್ರಪಿಂಡದ ವೈಫಲ್ಯವು ಒಂದೆರಡು ದಿನಗಳ ನಂತರ ಕಾಣಿಸಿಕೊಳ್ಳುವುದುಂಟು.

ತಾಲೀಮಿನ ಕ್ರಮ

ವರ್ಷವಿಡೀ ಕಟ್ಟಿಹಾಕಿ, ಪಂದ್ಯದ ವಾರದಲ್ಲಿ ಬಿಚ್ಚಿ ಓಡಿಸುವುದರಿಂದಲೇ ಅನೇಕ ಗಾಯಗಳು ಆಗುತ್ತವೆ. ತಾಲೀಮಿಗೆ ಸ್ನಾಯುಗಳು ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಆದರೆ ಎಲುಬು ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ನಾಯಿ ಚುರುಕಾಗಿ ಕಾಣುವ ಹೊತ್ತಿಗೆ ಅದರ ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ.

ವಯಸ್ಸು ಮೊದಲ ನಿಯಮ. ಮರಿಯ ಎಲುಬಿನ ತುದಿಗಳಲ್ಲಿ ಬೆಳವಣಿಗೆಯ ಮೃದುವಾದ ಪಟ್ಟಿಗಳಿರುತ್ತವೆ. ಅವು ಗಟ್ಟಿಯಾಗಿ ಕೂಡಿಕೊಳ್ಳುವುದಕ್ಕೆ ಉದ್ದಕಾಲಿನ ತಳಿಗಳಲ್ಲಿ 12ರಿಂದ 18 ತಿಂಗಳು ಹಿಡಿಯಬಹುದು. ಅದಕ್ಕೆ ಮುಂಚೆ ಪೂರ್ಣವೇಗದ ಓಟ, ಎತ್ತರದ ಜಿಗಿತ ಮಾಡಿಸಿದರೆ ಆ ಪಟ್ಟಿಗೆ ಪೆಟ್ಟಾಗಿ ಕಾಲು ಸೊಟ್ಟಗಾಗುತ್ತದೆ. ಮರಿಯು ತನ್ನಿಷ್ಟದಂತೆ ಮೆತ್ತನೆಯ ನೆಲದಲ್ಲಿ ಆಡುವುದು ಬೇರೆ, ಮನುಷ್ಯನು ಅದನ್ನು ಓಡಿಸುವುದು ಬೇರೆ.

ಬೆಳೆದ ಆರೋಗ್ಯವಂತ ನಾಯಿಗೆ ಸಾಮಾನ್ಯವಾಗಿ ಅನುಸರಿಸಬಹುದಾದ ಕ್ರಮ ಹೀಗಿದೆ. ಮೊದಲ ಮೂರು ವಾರ ಬೆಳಗಿನ ಜಾವದಲ್ಲಿ ಮಣ್ಣಿನ ದಾರಿಯಲ್ಲಿ 20 ನಿಮಿಷದಿಂದ ಆರಂಭಿಸಿ 40 ನಿಮಿಷದವರೆಗೆ ನಡಿಗೆ. ಮುಂದಿನ ಮೂರು ವಾರ ನಡಿಗೆಯ ನಡುವೆ ಲಘು ಓಟ, ಜೊತೆಗೆ ಇಳಿಜಾರು ನೆಲವನ್ನು ಏರುವ ಅಭ್ಯಾಸ. ಏರು ನಡಿಗೆಯು ಹಿಂಗಾಲಿನ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸುತ್ತದೆ. ಇದಾದ ಮೇಲೆಯೇ ವಾರಕ್ಕೆ ಎರಡು ದಿನ ಮಾತ್ರ ನೂರು ಮೀಟರ್‌ನಷ್ಟು ದೂರದ ವೇಗದ ಓಟ. ಎರಡು ವೇಗದ ದಿನಗಳ ನಡುವೆ ವಿಶ್ರಾಂತಿಯ ಅಥವಾ ಲಘು ನಡಿಗೆಯ ದಿನಗಳಿರಬೇಕು. ಪ್ರತಿ ಓಟಕ್ಕೆ ಮುಂಚೆ ಹತ್ತು ನಿಮಿಷ ನಡೆಸಿ ಮೈ ಬಿಸಿ ಮಾಡುವುದು, ಓಟದ ನಂತರ ತೇಕು ಇಳಿಯುವವರೆಗೆ ನಿಧಾನವಾಗಿ ನಡೆಸುವುದು ತಪ್ಪಬಾರದು. ತಣ್ಣಗಿರುವ ಸ್ನಾಯುವೇ ಹೆಚ್ಚಾಗಿ ಹರಿಯುವುದು.

ಬೈಕಿಗೆ ಹಗ್ಗ ಕಟ್ಟಿ ನಾಯಿಯನ್ನು ಓಡಿಸುವ ರೂಢಿಯನ್ನು ಸಂಪೂರ್ಣವಾಗಿ ಬಿಡಬೇಕು. ಅಲ್ಲಿ ವೇಗವನ್ನು ನಿರ್ಧರಿಸುವುದು ಯಂತ್ರ. ನಾಯಿ ದಣಿದರೂ ನಿಲ್ಲಲಾರದು. ಎಡವಿದರೆ ಎಳೆದುಕೊಂಡು ಹೋಗುತ್ತದೆ. ಅತಿಯಾಗಿ ದುಡಿಸಿದ ನಾಯಿಯ ಸ್ನಾಯುಗಳು ಒಡೆದು ಆ ಅಂಶ ರಕ್ತಕ್ಕೆ ಸೇರುತ್ತದೆ. ಬೆನ್ನು ಬಿಗಿಯುವುದು, ಹೆಜ್ಜೆ ಇಡಲು ನೋವು ಪಡುವುದು, ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗುವುದು ಇದರ ಗುರುತು. ಇದು ಮೂತ್ರಪಿಂಡವನ್ನು ಕೆಡಿಸುವ ತುರ್ತು ಸ್ಥಿತಿಯಾಗಿರುತ್ತದೆ.

ಓಟದ ದಾರಿ ಹೇಗಿರಬೇಕು

ಗ್ರೇಹೌಂಡ್ ನಾಯಿಗಳ ಓಟವನ್ನು ದೊಡ್ಡ ಉದ್ಯಮವಾಗಿಸಿಕೊಂಡ ದೇಶಗಳ ಅನುಭವವು ಇಲ್ಲಿ ಉಪಯುಕ್ತ. ಅಂಡಾಕಾರದ ದಾರಿಯಲ್ಲಿ ಸದಾ ಎಡಕ್ಕೆ ತಿರುಗಿ ಓಡುವ ನಾಯಿಗಳಲ್ಲಿ ಬಲ ಹಿಂಗಾಲಿನ ಹಿಮ್ಮಡಿ ಕೀಲಿನ ಸಣ್ಣ ಎಲುಬು ಮುರಿಯುವುದು ಮತ್ತೆ ಮತ್ತೆ ಕಂಡುಬಂದಿದೆ. ಮೊದಲ ತಿರುವಿನಲ್ಲಿ ನಾಯಿಗಳು ಒತ್ತೊತ್ತಾಗಿ ಡಿಕ್ಕಿ ಹೊಡೆಯುವುದು ಗಾಯಗಳ ಇನ್ನೊಂದು ಮುಖ್ಯ ಕಾರಣ. ಇಂತಹ ಗಾಯಗಳು ಮತ್ತು ಸಾವುಗಳ ಕಾರಣದಿಂದ ನ್ಯೂಜಿಲೆಂಡ್ ಸರ್ಕಾರವು ಈ ಓಟಗಳನ್ನು ಹಂತಹಂತವಾಗಿ ನಿಲ್ಲಿಸುವುದಾಗಿ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಇದರಿಂದ ತಿಳಿಯುವುದಿಷ್ಟು: ದಾರಿ ನೇರವಾಗಿರಬೇಕು. ಒಮ್ಮೆಗೆ ಓಡುವ ನಾಯಿಗಳ ಸಂಖ್ಯೆ ಕಡಿಮೆ ಇರಬೇಕು; ಒಂದೊಂದಾಗಿ ಓಡಿಸಿ ಗಡಿಯಾರದಿಂದ ಸಮಯ ಅಳೆಯುವುದು ಇನ್ನೂ ಉತ್ತಮ. ನೆಲವು ಒಂದೇ ಸಮನಾಗಿ, ತುಸು ತೇವವಾಗಿ, ಮೆತ್ತಗಿರಬೇಕು. ಡಾಂಬರು ರಸ್ತೆ, ಕಾಂಕ್ರೀಟು ಮತ್ತು ಹೆಂಟೆಗಳಿರುವ ಉಳುಮೆಯ ಹೊಲ ಯಾವುದೂ ತಕ್ಕುದಲ್ಲ. ಶೇಂಗಾ ಕಿತ್ತ ಹೊಲದಲ್ಲಿ ಗುಂಡಿಗಳೂ ಕಲ್ಲುಗಳೂ ಉಳಿದಿರುತ್ತವೆಯಾದ್ದರಿಂದ ಹಿಂದಿನ ದಿನ ಇಡೀ ದಾರಿಯನ್ನು ನಡೆದು ನೋಡಿ ಸರಿಪಡಿಸಬೇಕು. ಗುರಿಗೆರೆಯ ಆಚೆ ನಾಯಿ ತಾನಾಗಿ ವೇಗ ಇಳಿಸಲು ಸಾಕಷ್ಟು ಬಯಲು ಇರಬೇಕು. ಅಲ್ಲಿ ಜನ, ವಾಹನ, ತಂತಿಬೇಲಿ ಇರಬಾರದು. ಪ್ರೇಕ್ಷಕರು ಎರಡೂ ಬದಿಯಲ್ಲಿ ಹಗ್ಗದ ಹೊರಗೆ ನಿಲ್ಲಬೇಕು.

ಪಾದ, ಉಗುರು ಮತ್ತು ಮುಳ್ಳು

ಬಳ್ಳಾರಿ ಜಾಲಿ ಮತ್ತು ನೆಗ್ಗಿಲು ಮುಳ್ಳು ಈ ಎರಡು ತಾಲ್ಲೂಕುಗಳಲ್ಲಿ ಎಲ್ಲೆಲ್ಲಿಯೂ ಇವೆ. ಒಳಗೇ ಮುರಿದುಳಿದ ಮುಳ್ಳು ಕೀವಾಗಿ ನಾಯಿಯನ್ನು ವಾರಗಟ್ಟಲೆ ಕುಂಟಿಸುತ್ತದೆ. ಮೊನಚು ಬೀಜದ ಹುಲ್ಲು ಬೆರಳ ಸಂದಿ ಮತ್ತು ಕಿವಿಯೊಳಗೆ ಸೇರಿ ಮುಂದೆ ಮುಂದೆ ಸರಿಯುತ್ತದೆ. ಪ್ರತಿದಿನ ಸಂಜೆ ನಾಲ್ಕೂ ಪಾದಗಳನ್ನು ತೊಳೆದು ಬೆರಳ ಸಂದಿಗಳನ್ನು ಬಿಡಿಸಿ ನೋಡುವುದು ಒಳ್ಳೆಯ ಅಭ್ಯಾಸ. ಉಗುರು ನೆಲಕ್ಕೆ ತಾಗಿ ಸದ್ದು ಮಾಡುವಷ್ಟು ಬೆಳೆದಿದ್ದರೆ ಓಟದಲ್ಲಿ ಸೀಳುವುದು ಖಚಿತ. ನೆಲದ ಬಿಸಿಯನ್ನು ಅಳೆಯಲು ಅಂಗೈಯ ಹಿಂಭಾಗವನ್ನು ಐದಾರು ಸೆಕೆಂಡು ನೆಲಕ್ಕೆ ಇಟ್ಟು ನೋಡಬಹುದು. ಮನುಷ್ಯನ ಕೈ ತಾಳದ ನೆಲವನ್ನು ನಾಯಿಯ ಅಂಗಾಲೂ ತಾಳದು.

ಕುಂಟನ್ನು ಗುರುತಿಸುವುದಕ್ಕೆ ಸುಲಭದ ಉಪಾಯವಿದೆ. ಸಮತಟ್ಟಾದ ನೆಲದಲ್ಲಿ ನಾಯಿಯನ್ನು ಲಘುವಾಗಿ ಓಡಿಸಿ ಎದುರಿನಿಂದ ನೋಡಬೇಕು. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ. ಚೆನ್ನಾಗಿರುವ ಕಾಲು ಊರಿದಾಗ ತಲೆ ಕೆಳಗಿಳಿಯುತ್ತದೆ. ತಲೆ ಹೀಗೆ ತೂಗುವ ನಾಯಿಯನ್ನು ಓಡಿಸಬಾರದು.

ಆಹಾರ, ನೀರು, ಔಷಧ

ಮುದ್ದೆ ಮತ್ತು ಮಜ್ಜಿಗೆಯಷ್ಟೇ ದುಡಿಯುವ ನಾಯಿಗೆ ಸಾಲದು. ಮೊಟ್ಟೆ, ಮಾಂಸ ಅಥವಾ ಒಣಮೀನಿನ ರೂಪದಲ್ಲಿ ಪ್ರೋಟೀನು ಮತ್ತು ಕೊಬ್ಬು ದೊರೆಯಬೇಕು. ಓಟಕ್ಕೆ ಮುಂಚಿನ ಮೂರು ನಾಲ್ಕು ಗಂಟೆ ಹೊಟ್ಟೆ ತುಂಬ ಆಹಾರ ಕೊಡಬಾರದು. ಆಳವಾದ ಎದೆಯ ತಳಿಗಳಲ್ಲಿ ಜಠರವು ಉಬ್ಬಿ ತಿರುಚಿಕೊಳ್ಳುವ ಅಪಾಯವಿದ್ದು, ಅದು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ. ನೀರನ್ನು ಮಾತ್ರ ಎಂದೂ ತಡೆಯಬಾರದು. ಹಗುರವಾಗಲೆಂದು ನಾಯಿಯನ್ನು ಬಾಯಾರಿಸಿ ಓಡಿಸುವುದು ಶಾಖಾಘಾತಕ್ಕೆ ನೇರ ದಾರಿ.

ಮನುಷ್ಯರ ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ನೋವನ್ನು ಮುಚ್ಚಿಟ್ಟು ಓಡಿಸಿದರೆ ಸಣ್ಣ ಬಿರುಕು ಪೂರ್ಣ ಮುರಿತವಾಗುತ್ತದೆ. ಒಸಡು ಬಿಳಿಚಿರುವ, ಜ್ವರವಿರುವ, ಮೂಗಿನಲ್ಲಿ ರಕ್ತ ಬರುವ ನಾಯಿಗೆ ಉಣ್ಣೆಯಿಂದ ಹರಡುವ ಜ್ವರ ಇರುವ ಸಾಧ್ಯತೆ ಹೆಚ್ಚು. ಅಂತಹ ನಾಯಿಗೆ ಬೇಕಾದದ್ದು ಚಿಕಿತ್ಸೆ.

ಮಂದೆಯ ನಾಯಿಯನ್ನು ಮರೆಯಬಾರದು

ಪಂದ್ಯದ ನಾಯಿಗೆ ಮಾಲೀಕನ ಗಮನ ಸಿಗುತ್ತದೆ. ಕುರಿಯ ಹಿಂದೆ ದಿನವಿಡೀ ನಡೆಯುವ ನಾಯಿಗೆ ಸಿಗುವುದು ಅಪರೂಪ. ವಾಸ್ತವದಲ್ಲಿ ಈ ತಾಲ್ಲೂಕುಗಳಲ್ಲಿ ಹೆಚ್ಚು ದೂರ ನಡೆದು ಹೆಚ್ಚು ದುಡಿಯುವ ನಾಯಿ ಅದೇ. ಬೇಸಿಗೆಯಲ್ಲಿ ಮಂದೆ ನೀರಿಗೆ ಇಳಿಯುವ ತೊಟ್ಟಿಗಳಲ್ಲಿ ನಾಯಿಗೂ ಎಟುಕುವಂತೆ ನೀರಿರಬೇಕು. ತೋಳ, ಚಿರತೆ ಕೊರಳಿಗೇ ಬಾಯಿ ಹಾಕುವುದರಿಂದ ಕುರಿಗಾಹಿಗಳು ಕಟ್ಟುವ ಮುಳ್ಳುಪಟ್ಟಿಯು ಪ್ರಾಣ ಉಳಿಸುವ ಸಾಧನವೇ ಸರಿ. ಆದರೆ ಎರಡು ಬೆರಳು ಆಡುವಷ್ಟು ಸಡಿಲವಿಲ್ಲದಿದ್ದರೆ ಅದರ ಕೆಳಗೆ ಗಾಯವಾಗಿ ಹುಳು ಬೀಳುತ್ತದೆ. ಓಡದಿರಲೆಂದು ಕೊರಳಿಗೆ ಮರದ ತುಂಡು ಕಟ್ಟಿದರೆ ಅದು ಮುಂಗಾಲಿಗೆ ಬಡಿದು ಕೀಲನ್ನು ಕೆಡಿಸುತ್ತದೆ.

ಕುರಿಗಾರರ ಆದಾಯಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಕುರಿ ಕೊಯ್ದಾಗ ಗುಳ್ಳೆಗಳಿರುವ ಶ್ವಾಸಕೋಶ, ಪಿತ್ತಜನಕಾಂಗ ಅಥವಾ ತಲೆಯನ್ನು ಹಸಿಯಾಗಿ ನಾಯಿಗೆ ಹಾಕಿದರೆ ಅದರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದ ಮೂಲಕ ಹುಲ್ಲಿಗೆ ಸೇರಿ ಮತ್ತೆ ಕುರಿಯ ಹೊಟ್ಟೆಗೆ ಹೋಗುತ್ತವೆ. ಒಂದು ಬಗೆಯ ಹುಳುವು ಕುರಿಯ ಮಿದುಳಿನಲ್ಲಿ ಗುಳ್ಳೆಯಾಗಿ, ಕುರಿ ಒಂದೇ ದಿಕ್ಕಿಗೆ ಸುತ್ತುತ್ತ ಸಾಯುತ್ತದೆ. ಇನ್ನೊಂದು ಬಗೆಯದು ಮನುಷ್ಯರ ಪಿತ್ತಜನಕಾಂಗದಲ್ಲಿಯೂ ಗುಳ್ಳೆ ಮಾಡುತ್ತದೆ. ಹಸಿ ಅಂಗಾಂಗವನ್ನು ನಾಯಿಗೆ ಹಾಕದೆ ಹೂಳುವುದು ಅಥವಾ ಚೆನ್ನಾಗಿ ಬೇಯಿಸುವುದು, ಪಶುವೈದ್ಯರ ಸಲಹೆಯಂತೆ ನಾಯಿಗೆ ಕಾಲಕಾಲಕ್ಕೆ ಜಂತುನಾಶಕ ಕೊಡುವುದು ಕುರಿ, ನಾಯಿ, ಮನುಷ್ಯ ಮೂವರನ್ನೂ ಕಾಯುತ್ತದೆ.

ಕಾನೂನಿನ ನಿಲುವು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೆಯ ಪ್ರಕರಣದಂತೆ ಪ್ರಾಣಿಯನ್ನು ಹೊಡೆಯುವುದು, ಅತಿಯಾಗಿ ಓಡಿಸುವುದು, ಗಾಯಗೊಂಡ ಅಥವಾ ಅಶಕ್ತ ಪ್ರಾಣಿಯನ್ನು ದುಡಿಸುವುದು, ಹಾನಿಕರ ಔಷಧ ಕೊಡುವುದು, ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು ಅಪರಾಧ. ಮೊಲ ಅಥವಾ ಬೇರಾವುದೇ ಜೀವಿಯನ್ನು ಕಟ್ಟಿ ನಾಯಿಗೆ ಬೇಟೆಯಾಗಿಸುವುದೂ ಅದೇ ಪ್ರಕರಣದಲ್ಲಿ ಸೇರಿದೆ. ಸಾರ್ವಜನಿಕ ಪ್ರದರ್ಶನಕ್ಕೆ ಪ್ರಾಣಿಗಳನ್ನು ತರಬೇತುಗೊಳಿಸುವ ಮತ್ತು ಬಳಸುವ ಬಗ್ಗೆ 22ನೆಯ ಪ್ರಕರಣ ಹಾಗೂ 2001ರ ನಿಯಮಗಳು ನೋಂದಣಿಯನ್ನು ವಿಧಿಸಿವೆ. ಪ್ರಾಣಿಯನ್ನು ಕೊಲ್ಲುವ ಅಥವಾ ಅಂಗಹೀನಗೊಳಿಸುವ ದುಷ್ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಪ್ರಕರಣದಂತೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಕಂಬಳಕ್ಕೆ ಅವಕಾಶವಿದೆ, ಹಾಗಾಗಿ ನಾಯಿ ಓಟಕ್ಕೂ ಇದೆ ಎಂಬ ವಾದವು ಸರಿಯಲ್ಲ. ರಾಜ್ಯದ 2017ರ ತಿದ್ದುಪಡಿ ಕಾಯ್ದೆಯು ವಿನಾಯಿತಿ ನೀಡಿರುವುದು ಕಂಬಳಕ್ಕೆ ಮತ್ತು ಎತ್ತಿನ ಓಟ, ಎತ್ತಿನಗಾಡಿ ಓಟಗಳಿಗೆ. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದಿರುವುದೂ ಅದನ್ನೇ. ನಾಯಿ ಓಟ ಅದರಲ್ಲಿ ಸೇರಿಲ್ಲ. ಪಂದ್ಯದ ಮೇಲೆ ಹಣ ಕಟ್ಟುವುದು ಕರ್ನಾಟಕ ಪೊಲೀಸ್ ಕಾಯ್ದೆ, 1963ರ ವ್ಯಾಪ್ತಿಗೆ ಬರುವ ಜೂಜು.

ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಹುಲ್ಲುಗಾವಲು ಕೃಷ್ಣಮೃಗ, ಮೊಲ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ನೆಲೆ. ತಾಲೀಮಿನ ಹೆಸರಿನಲ್ಲಿ ಅಲ್ಲಿ ಓಟದ ನಾಯಿಗಳನ್ನು ಬಿಚ್ಚಿ ಬಿಟ್ಟರೆ ಅದು ಬೇಟೆಯೇ ಆಗುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿ ಅದು ಗಂಭೀರ ಅಪರಾಧ.

ಗ್ರಾಮ ಪಂಚಾಯತಿಯು ಮಾಡಬಹುದಾದುದು

1. ನಾಯಿ ಓಟದ ಅರ್ಜಿ ಬಂದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಮೂಲಕ ತಹಶೀಲ್ದಾರರು, ಪೊಲೀಸ್ ಠಾಣೆ ಮತ್ತು ಪಶುಪಾಲನಾ ಇಲಾಖೆಯ ಲಿಖಿತ ಅಭಿಪ್ರಾಯ ಪಡೆಯದೆ ಒಪ್ಪಿಗೆ ನೀಡದಿರುವುದು. ಕಾನೂನಿನಂತೆ ನೋಂದಣಿ ಇಲ್ಲದಿದ್ದಲ್ಲಿ ಅರ್ಜಿಯನ್ನು ತಿರಸ್ಕರಿಸುವುದು.
2. ಎಲ್ಲ ಅನುಮತಿಗಳಿದ್ದರೂ ಓಟವು ಬೆಳಿಗ್ಗೆ 8 ಗಂಟೆಯೊಳಗೆ ಮುಗಿಯುವಂತೆ, ಪಶುವೈದ್ಯರು ಸ್ಥಳದಲ್ಲಿರುವಂತೆ, ನೆರಳು ಮತ್ತು ನೀರಿನ ತೊಟ್ಟಿ ಇರುವಂತೆ ಷರತ್ತು ವಿಧಿಸುವುದು. ವೈದ್ಯರು ಬರದಿದ್ದರೆ ಓಟವೂ ಇಲ್ಲ.
3. ಕುಂಟುವ, ಬಡಕಲಾದ, ಬೆದೆಗೆ ಬಂದ, ಗಬ್ಬದ, ಒಂದೂವರೆ ವರ್ಷಕ್ಕಿಂತ ಕಿರಿಯ ನಾಯಿಗಳಿಗೆ ಪ್ರವೇಶ ನಿರಾಕರಿಸುವುದು.
4. ರೇಬಿಸ್ ಲಸಿಕೆ ಪಡೆದು ಒಂದು ತಿಂಗಳಾದರೂ ಕಳೆದಿರುವ ದಾಖಲೆ ಕೇಳುವುದು. ನಾಯಿ ಕಚ್ಚಿದಲ್ಲಿ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು.
5. ವರ್ಷಕ್ಕೊಮ್ಮೆ ಕುರಿಹಟ್ಟಿ ಮತ್ತು ಗೊಲ್ಲರಹಟ್ಟಿಗಳಲ್ಲಿ ಪಶುಪಾಲನಾ ಇಲಾಖೆಯ ಸಹಕಾರದೊಂದಿಗೆ ಮಂದೆಯ ನಾಯಿಗಳಿಗೆ ರೇಬಿಸ್ ಲಸಿಕೆ ಮತ್ತು ಜಂತುನಾಶಕ ನೀಡುವ ಶಿಬಿರ ಏರ್ಪಡಿಸುವುದು. ಮಂದೆಗಳು ವಲಸೆ ಹೊರಡುವ ಮುಂಚಿನ ದಿನಗಳೇ ಇದಕ್ಕೆ ಸೂಕ್ತ.
6. ತುರ್ತು ಸಂದರ್ಭದಲ್ಲಿ ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದೆಂಬುದನ್ನು ಪಂಚಾಯತಿ ಕಚೇರಿ, ಹಾಲಿನ ಡೇರಿ ಮತ್ತು ಹಟ್ಟಿಯ ಕಟ್ಟೆಗಳಲ್ಲಿ ಬರೆಸುವುದು.

ನಾಯಿಯು ತನ್ನ ದಣಿವನ್ನು ಹೇಳಲಾರದು. ಒಡೆಯನ ಕೂಗು ಕೇಳಿದರೆ ಮುರಿದ ಕಾಲಿನಲ್ಲಿಯೂ ಓಡುತ್ತದೆ. ಆದ್ದರಿಂದ ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ನಿರ್ಧಾರವು ಮಾಲೀಕನದು. ಸಾರ್ವಜನಿಕ ಸ್ಥಳದಲ್ಲಿ ಆ ನಿರ್ಧಾರ ಸಮಯಕ್ಕೆ ಸರಿಯಾಗಿ ಆಗುವಂತೆ ನೋಡಿಕೊಳ್ಳುವುದು ಗ್ರಾಮ ಪಂಚಾಯತಿಯದು. ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ಚರ್ಚಿಸುವುದು, ಜಾತ್ರೆಗಳ ಹಂಗಾಮಿಗೆ ಮುಂಚೆಯೇ ಜಾತ್ರಾ ಸಮಿತಿಗಳ ಗಮನಕ್ಕೆ ತರುವುದು ಉಚಿತ.